ಗುಂಪಿನ ಪ್ರಶ್ನೋತ್ತರ: ಕೋರ್ಟಿನಲ್ಲಿ ಆಡಿದ ಮಾತು, ಬರೆದುಕೊಂಡ ಮಾತು

ಗೌರಿಬಿದನೂರು ಸದಸ್ಯ: ಮೇಡಂ, ಫೋನ್ ರೆಕಾರ್ಡಿಂಗ್‌ನಲ್ಲಿರೋ ದನಿ ಯಾರದು ಅಂತ ಹೇಳ್ತೀರಾ?

ಭಾಷಾತಜ್ಞೆ: ಇಲ್ಲ. ಅದು ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ಕೆಲಸ.

ಬಾಗೇಪಲ್ಲಿ ಸದಸ್ಯೆ: ಜಮೀನಿನ ಗಲಾಟೇಲಿ ಅಮ್ಮ ಸಾಕ್ಷಿ. ಮನೇಲಿ ತೆಲುಗು, ಕನ್ನಡ ಅಷ್ಟಕ್ಕಷ್ಟೇ. ಪೊಲೀಸರು ಬರೆದ ಹೇಳಿಕೆ ಅಮ್ಮಂದು, ಪಕ್ಕದ್ಮನೆಯವರದು, ಅಂಗಡಿಯವರದು ಮೂರೂ ಅಕ್ಷರಶಃ ಒಂದೇ: 'ಏಕಾಏಕಿ ಬಂದು ಅವಾಚ್ಯ ಶಬ್ದಗಳಿಂದ ಬೈದು, ಕೈಗಳಿಂದ ಹೊಡೆದು...' ಅಮ್ಮ ಹಾಗೆ ಮಾತಾಡೋರೇ ಅಲ್ಲ. ಮುಂದಿನ ವಾರ ಸಾಕ್ಷಿ ಇದೆ.

ಭಾಷಾತಜ್ಞೆ: ಬೇರೆಬೇರೆಯಾಗಿ ಮಾತಾಡಿದ ಮೂವರ ಬಾಯಲ್ಲಿ ಅಷ್ಟುದ್ದದ ವಾಕ್ಯ ಒಂದೇ ಥರ ಬರುವುದಿಲ್ಲ. ಹಾಗಂತ ಗಲಾಟೆ ನಡೆದೇ ಇಲ್ಲ ಅಂತಲ್ಲ, ಅದು ಠಾಣೆಯ ರೈಟರ್ ಕನ್ನಡ. ಇಂಗ್ಲೆಂಡಿನಲ್ಲಿ 1953ರಲ್ಲಿ ಗಲ್ಲಿಗೇರಿದ ಡೆರೆಕ್ ಬೆಂಟ್ಲಿ ತಾನಾಗಿ ಹೇಳಿದ್ದೆಂದು ಪೊಲೀಸರು ಕೊಟ್ಟ ಹೇಳಿಕೆಯಲ್ಲಿ ಅವರದೇ ಪ್ರಶ್ನೆ, ಅವರದೇ ಶೈಲಿ ಇರುವುದನ್ನು ಭಾಷಾತಜ್ಞ ಮಾಲ್ಕಂ ಕೌಲ್ತರ್ಡ್ ತೋರಿಸಿದರು. ತೀರ್ಪು ರದ್ದಾದದ್ದು 1998ರಲ್ಲಿ, ಅದೂ ಮುಖ್ಯವಾಗಿ ಆಗಿನ ನ್ಯಾಯಾಧೀಶರು ಜ್ಯೂರಿಗೆ ಹೇಳಿದ ರೀತಿ ಸರಿಯಿರಲಿಲ್ಲವೆಂದು.

ಪೊಲೀಸ್ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ. ಹಾಗಾಗಿ ನನಗೆ ಹೆಚ್ಚು ಚಿಂತೆ ಪಾಟೀಸವಾಲಿನದು. ವಕೀಲರು 'ಕತ್ತಲಲ್ಲಿ ಮುಖ ಕಾಣಿಸ್ಲಿಲ್ಲ ಅಲ್ವೇನಮ್ಮಾ?' ಅನ್ನುತ್ತಾರೆ. ಕೇಳಿಸಿತು ಅನ್ನುವ ಹಾಗೆ ಅಮ್ಮ 'ಊಂ' ಅಂದರೆ ಟೈಪಾಗುವುದು: 'ಕತ್ತಲಾಗಿದ್ದರಿಂದ ನನಗೆ ಮುಖ ಕಾಣಿಸಲಿಲ್ಲ ಎಂದರೆ ಸರಿ.' ಪ್ರಶ್ನೆ ಮಾಯ. ಮೇಲ್ಮನವಿಯಲ್ಲಿ ಓದುವವರಿಗೆ ಅದು ಅಮ್ಮನದೇ ಮಾತು!

ತೆಲುಗಿನಲ್ಲೇ ಹೇಳುತ್ತಾರೆಂದು ಸರ್ಕಾರಿ ಅಭಿಯೋಜಕರಿಗೆ ಈಗಲೇ ತಿಳಿಸಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅನ್ನಲಿ. ಕೊನೆಗೆ ದಾಖಲೆಯನ್ನು ಓದಿ, ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ತಪ್ಪಿದ್ದರೆ ಅಲ್ಲೇ ಹೇಳಲಿ. ನ್ಯಾಯಾಧೀಶರು ತಿದ್ದದಿದ್ದರೂ ಆಕ್ಷೇಪಣೆ ದಾಖಲಾಗಬೇಕು. ಇದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 313. (ಹಳೆಯ ಕಾನೂನಾದ ಸಿಆರ್‌ಪಿಸಿಯ 313 ಆರೋಪಿಯ ವಿಚಾರಣೆಯದು, ಅದೀಗ 351.) ಏನು ಹೇಳಬೇಕೆಂದು ಮಾತ್ರ ಬಾಯಿಪಾಠ ಮಾಡಿಸಬೇಡಿ.

ಚಿಂತಾಮಣಿ ಸದಸ್ಯ: ಫಾರ್ವರ್ಡ್ ಬಂದಿದೆ: 'ನಾನು' ಅಂತ ಕಡಿಮೆ ಹೇಳೋರು ಸುಳ್ಳುಗಾರರು. ಬ್ರೈನ್ ಮ್ಯಾಪಿಂಗ್ (ಮಿದುಳಿನ ಅಲೆ ನೋಡಿ ಮಾಡೋ ಪರೀಕ್ಷೆ) ಕೇಳಿದ್ರೆ ಕೇಸ್ ಗೆದ್ದಂತೆ.

ಭಾಷಾತಜ್ಞೆ: ಬಾಗೇಪಲ್ಲಿಯವರೇ, ಇದನ್ನು ಅಮ್ಮನಿಗೆ ತೋರಿಸಲೇಬೇಡಿ. ಕನ್ನಡದಲ್ಲೂ ತೆಲುಗಲ್ಲೂ 'ಬಂದೆ' ಅಂದರೆ ಸಾಕು, 'ನಾನು' ಬೇಕಿಲ್ಲ. ಈ ಲೆಕ್ಕದಲ್ಲಿ ಇಡೀ ಜಿಲ್ಲೆಯೇ ಸುಳ್ಳುಗಾರರದು. ಬ್ರೈನ್ ಮ್ಯಾಪಿಂಗ್ ಅನ್ನು ಒತ್ತಾಯದಿಂದ ಮಾಡುವಂತಿಲ್ಲವೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಸೆಲ್ವಿ ಪ್ರಕರಣ, ಕರ್ನಾಟಕದ್ದೇ. ಒಪ್ಪಿ ಮಾಡಿಸಿಕೊಂಡರೂ ಅದರ ಫಲಿತಾಂಶವೇ ಸಾಕ್ಷ್ಯವಾಗುವುದಿಲ್ಲ. ಇಂಥದ್ದನ್ನು ಹಂಚುವ ಮೊದಲು ಒಮ್ಮೆ ಓದಿ.

ಶಿಡ್ಲಘಟ್ಟ ಸದಸ್ಯ: ಕರ್ನಾಟಕದಲ್ಲಿದ್ದು ಕನ್ನಡ ಬರಲ್ಲ ಅಂದ್ರೇನು?

ಬಾಗೇಪಲ್ಲಿ ಸದಸ್ಯೆ: ಅಮ್ಮ ಸ್ಕೂಲ್ ಮುಖ ನೋಡಿಲ್ಲ. ನಿಮ್ಮೂರ ರೇಷ್ಮೆಗೂಡಿನ ಮಾರ್ಕೆಟ್‌ನಲ್ಲಿ ಯಾರೂ ತೆಲುಗಲ್ಲಿ ವ್ಯಾಪಾರ ಮಾಡಲ್ವಾ?

ಮುಳಬಾಗಿಲು ಸದಸ್ಯ: ಕೆಜಿಎಫ್‌ಗೆ ಹೋಗಿ ಅಲ್ಲಿನ ತಮಿಳರಿಗೂ ಹೀಗೇ ಹೇಳಿ ಸಾರ್, ನೋಡೋಣ.

ಶಿಡ್ಲಘಟ್ಟ ಸದಸ್ಯ: ಕೋರ್ಟ್ ಭಾಷೆ ಕನ್ನಡ. ಅಷ್ಟೇ.

ಭಾಷಾತಜ್ಞೆ: ಕೋರ್ಟಿನದು ಕನ್ನಡ. ಸಾಕ್ಷಿಯ ಬಾಯಿಗೆ ಆ ಷರತ್ತಿಲ್ಲ. ಜಗಳ ಬೇರೆಡೆ ಆಡಿ.

ಕೋಲಾರ ಸದಸ್ಯ: ನನಗೆ ಕಂಗ್ಲಿಷ್‌ನಲ್ಲಿ ಬೆದರಿಕೆ ಮೆಸೇಜ್ ಬಂದಿದೆ. ಬರೆದವನ ಶೈಲಿ ಹಿಡೀಬಹುದಾ?

ಶಿಡ್ಲಘಟ್ಟ ಸದಸ್ಯ: ಸತ್ಯ ಹೇಳಿದ್ರೆ ಜಗಳ ಅಂತೀರಾ ಮೇಡಂ?

ಬಾಗೇಪಲ್ಲಿ ಸದಸ್ಯೆ: ಅಮ್ಮ 'ಊಂ' ಅನ್ನೋದು ಬಿಡಲ್ಲ ಮೇಡಂ, ಅಭ್ಯಾಸ.

ಭಾಷಾತಜ್ಞೆ: ಅಂಥ ಭಾಗವನ್ನು ಪ್ರಶ್ನೆ, ಉತ್ತರ ಎರಡೂ ಇರುವಂತೆ ಬರೆಸಿಕೊಳ್ಳಿ ಎಂದು ಅಭಿಯೋಜಕರು ಕೋರಬಹುದು. ನ್ಯಾಯಾಧೀಶರಿಗೆ ಆ ಅಧಿಕಾರವಿದೆ. ಮೊದಲೇ ಹೇಳಿಡಿ.

ಗೌರಿಬಿದನೂರು ಸದಸ್ಯ: ಮೇಡಂ, ಆ ಆಡಿಯೋ ಇಲ್ಲೇ ಹಾಕ್ಲಾ?

ಭಾಷಾತಜ್ಞೆ: ಬೇಡ.