ಭೂತಕ್ಕೂ ತೂಕ ಬೇಕು ಕಣ್ರೀ

"ಹಳೇ ಸಿನಿಮಾ, ಹಳೇ ಸಿನಿಮಾ ಅಂತ ಬಡ್ಕೋತೀಯಲ್ಲ ನಾಣಿ, ನಿನ್ನ 1933ರ ದೈತ್ಯ ಗೊರಿಲ್ಲಾ ಕಿಂಗ್ ಕಾಂಗ್ ಎಷ್ಟೆತ್ತರ ಇದ್ದ ಹೇಳು ನೋಡೋಣ" ಅಂತ ಚೇತು ಗಾಳ ಹಾಕಿದ. ಚೇತುಗೆ ಕಂಪ್ಯೂಟರಿನಲ್ಲಿ ರಾಕ್ಷಸರಿಗೆ ಚರ್ಮ ಹೊದಿಸುವ ಉದ್ಯೋಗ. ನಾಣಿಗೆ, ತೆರೆಗೆ ಬಣ್ಣ ಬಂದ ದಿನವೇ ದೆವ್ವಗಳ ಮಾನ ಹೋಯಿತು ಅನ್ನುವ ಸಿದ್ಧಾಂತ.

"ಹದಿನೆಂಟು ಇಂಚು" ಅಂದ ನಾಣಿ, ಎಳ್ಳಷ್ಟೂ ನಾಚದೆ. "ಒಳಗೆ ಕೀಲುಗಳಿರೋ ಲೋಹದ ಅಸ್ಥಿಪಂಜರ, ಮೇಲೆ ರಬ್ಬರು, ಅದರ ಮೇಲೆ ಮೊಲದ ತುಪ್ಪಳ. ಮಾರ್ಸೆಲ್ ಡೆಲ್ಗಾಡೊ ಗೊಂಬೆ ಮಾಡಿಕೊಟ್ಟ. ವಿಲ್ಲಿಸ್ ಓಬ್ರಿಯನ್ ಅದನ್ನ ಒಂಚೂರು ಅಲುಗಿಸಿ ಒಂದು ಫ್ರೇಮ್ ತೆಗೆಯೋದು, ಮತ್ತೆ ಒಂಚೂರು ಅಲುಗಿಸಿ ಇನ್ನೊಂದು. ತೆರೆ ಮೇಲಿನ ಒಂದು ಸೆಕೆಂಡಿಗೆ 24 ಫ್ರೇಮು."

"ಅದು ಗೊಂಬೆ. ಕಥೆಯೊಳಗೆ ಎಷ್ಟು?"

"ಕಾಡಲ್ಲಿ 18 ಅಡಿ, ನ್ಯೂಯಾರ್ಕಲ್ಲಿ 24 ಅಡಿ, ಪ್ರಚಾರದಲ್ಲಿ 50 ಅಡಿ" ಅಂತ ಉತ್ತರ ಕೊಟ್ಟವರು ಸರೋಜಕ್ಕ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವರು. ಅವರೆದುರು ಅಳತೆ ತಪ್ಪಿ ಮಾತಾಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. "ಕಟ್ಟಡಗಳ ಮುಂದೆ ಕುಳ್ಳ ಕಾಣ್ತಾನೆ ಅಂತ ನಿರ್ದೇಶಕ ಕೂಪರ್ ಅವನನ್ನ ಬೆಳೆಸಿದ."

"ಪಟ್ಟಣದ ನೀರು ಮೈಗೆ ಹಿಡಿದಿರಬೇಕು" ಅಂದ ನಾಣಿ.

"2021ರ ಗಾಡ್ಜಿಲ್ಲಾ ವರ್ಸಸ್ ಕಾಂಗಲ್ಲಿ ಅದೇ ಕಾಂಗ್ 337 ಅಡಿ" ಅಂತ ಚೇತು ಎದೆಯುಬ್ಬಿಸಿದ, ಹೆತ್ತು ಸಾಕಿದವನು ತಾನೇ ಅನ್ನೋ ಗತ್ತಿನಲ್ಲಿ.

ಸರೋಜಕ್ಕ ಕಾಫಿ ಲೋಟ ಕೆಳಗಿಟ್ಟರು. "ಸರಿ, ಲೆಕ್ಕ ಹಾಕು. 24ರಿಂದ 337 ಅಂದ್ರೆ ಸುಮಾರು 14 ಪಟ್ಟು. ಎತ್ತರ 14 ಪಟ್ಟಾದ್ರೆ ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ 14 ಇಂಟು 14, ಹತ್ತಿರ ಹತ್ತಿರ 200 ಪಟ್ಟು. ತೂಕಕ್ಕೆ ಇನ್ನೊಂದು ಸಲ 14ರಿಂದ ಗುಣಿಸು, 2,700 ದಾಟುತ್ತೆ. ಮೂಳೆಯ ಒಂದೊಂದು ಚದರ ಇಂಚಿನ ಮೇಲೂ 14 ಪಟ್ಟು ಭಾರ. ಪಾಪ, ಎದ್ದು ನಿಂತ ಕ್ಷಣವೇ ಮಂಡಿಚಿಪ್ಪು ಪುಡಿಪುಡಿ."

"ಹಾಗಾದ್ರೆ ಅವನು ಗಾಡ್ಜಿಲ್ಲಾ ಜೊತೆ ಕುಸ್ತಿ ಆಡೋದು ಬಿಟ್ಟು ಮೂಳೆ ಡಾಕ್ಟರ ಹತ್ರ ಟೋಕನ್ ತಗೋಬೇಕು" ಅಂದ ನಾಣಿ.

"ಅಕ್ಕ, ಸಿನಿಮಾದಲ್ಲಿ ಯಾರು ಮೂಳೆ ಲೆಕ್ಕ ಹಾಕ್ತಾರೆ?"

"ಕಣ್ಣು ಹಾಕುತ್ತೆ ಕಣೋ, ನಾವು ಹಾಕದಿದ್ರೂ. ಜಾಸ್ತಿ ಎತ್ತರದಿಂದ ಬೀಳೋಕೆ ಜಾಸ್ತಿ ಹೊತ್ತು ಬೇಕು ಅಂತ ಅದಕ್ಕೆ ಗೊತ್ತು. ಜಪಾನಿನ 1954ರ ಗಾಡ್ಜಿಲ್ಲಾ ತಗೋ. ಮೃಗದ ಎತ್ತರ 50 ಮೀಟರ್. ಟೋಕಿಯೊ ನಗರನ 25ರಲ್ಲೊಂದು ಅಳತೆಗೆ ಕಟ್ಟಿದ್ರು, ಅಂದ್ರೆ ಆ 50 ಮೀಟರ್ ಸೆಟ್ಟಲ್ಲಿ 2 ಮೀಟರ್. ನಿಜವಾದ 50 ಮೀಟರಿಂದ ಕಲ್ಲು ಬಿದ್ರೆ ನೆಲ ಮುಟ್ಟೋಕೆ ಸುಮಾರು 3.2 ಸೆಕೆಂಡ್ ಬೇಕು. ಸೆಟ್ಟಲ್ಲಿ 0.64 ಸೆಕೆಂಡಿಗೇ ಟಪ್ ಅಂತ ಬಿದ್ದುಬಿಡುತ್ತೆ. ಐದು ಪಟ್ಟು ಬೇಗ. ನೋಡಿದವರು ತಕ್ಷಣ 'ಥೂ, ಆಟದ ಸಾಮಾನು' ಅಂತಾರೆ."

"ಅದಕ್ಕೇ ಕ್ಯಾಮೆರಾನ ಜೋರಾಗಿ ಓಡಿಸೋದು" ಅಂತ ಚೇತು ಮೊದಲ ಸಲ ಒಪ್ಪಿಕೊಂಡ. "ಅಳತೆಯ ವರ್ಗಮೂಲ. 25ಕ್ಕೆ 5. ಲೆಕ್ಕದ ಪ್ರಕಾರ 24 ಫ್ರೇಮ್ ಬದಲು 120. ಅದನ್ನ 24ರ ವೇಗದಲ್ಲಿ ತೋರಿಸಿದ್ರೆ ಎಲ್ಲಾ ಭಾರವಾಗಿ ಬೀಳುತ್ತೆ."

"ತೊಂದರೆ ಶುರುವಾಗೋದೇ ಅಲ್ಲಿ" ನಾಣಿ ಬಾಯಿ ಹಾಕಿದ. "ಕ್ಯಾಮೆರಾ ಐದು ಪಟ್ಟು ಓಡಿದ್ರೆ ಒಂದೊಂದು ಫ್ರೇಮಿಗೆ ಬೆಳಕು ಐದರಲ್ಲೊಂದು ಪಾಲು. ಅದನ್ನ ತುಂಬೋಕೆ ದೀಪ ಹೆಚ್ಚಿಸ್ಬೇಕು. ದೀಪ ಹೆಚ್ಚಿದ್ರೆ ಸೆಟ್ಟು ಕಾವಲಿ. ಆ ಕಾವಲಿ ಮೇಲೆ ಹರುವೊ ನಕಾಜಿಮಾ ಅನ್ನೋ ಮಹಾನುಭಾವ, ರಬ್ಬರ್ ವೇಷದೊಳಗೆ. ಮೊದಲನೇ ವೇಷ ಹತ್ತಿರ ಹತ್ತಿರ 100 ಕೆಜಿ. ಗಟ್ಟಿಯಾಗಿ, ಬಗ್ಗದೆ, ಎರಡು ಹೆಜ್ಜೆಗೆ ಕವುಚಿ ಬೀಳೋ ಹಾಗಿತ್ತು. ಕೊನೆಗೆ ಅದನ್ನ ಕತ್ತರಿಸಿ ಕಾಲು ಮಾತ್ರ ಕಾಣೋ ಶಾಟಿಗೆ ಬಳಸಿದ್ರು. ಶಾಟ್ ಮುಗಿದ ಮೇಲೆ ಒಳಗಿನ ಬೆವರು ಬಸಿಯಬೇಕು. ಗಾಡ್ಜಿಲ್ಲಾ ಕಾಲೆಳೆದುಕೊಂಡು ನಡೆಯುತ್ತಲ್ಲ, ಅದು ಅಭಿನಯ ಅಲ್ಲಪ್ಪ, ಸುಸ್ತು."

"ಆ ಸುಸ್ತೇ ತೂಕ" ಅಂದರು ಸರೋಜಕ್ಕ. "ಆ ಸಿನಿಮಾದ ಟ್ರಿಕ್ ದೃಶ್ಯ ಮಾಡಿದ ತ್ಸುಬುರಾಯಗೆ ಕಾಂಗ್ ಥರ ಗೊಂಬೆ ಕುಣಿಸೋ ಆಸೆ ಇತ್ತು. ಹಾಗೆ ಮಾಡೋಕೆ ಏಳು ವರ್ಷ ಬೇಕು ಅಂತ ಲೆಕ್ಕ ಬಂತು. ಅದಕ್ಕೇ ವೇಷ."

ಚೇತುಗೆ ಈಗ ರೋಷ ಬಂತು. "ಆಯ್ತು, ನೀರು ತೋರಿಸಿ. ಹಳೇ ಸಿನಿಮಾದಲ್ಲಿ ಮೃಗ ಸಮುದ್ರದಿಂದ ಎದ್ದು ಬರೋ ಒಂದು ಶಾಟ್, ನಗದೆ ನೋಡೋ ಹಾಗಿರೋದು."

ನಾಣಿ ಮಾತಿಗೆ ತಡವರಿಸಿದ. ನೀರು ಅವನ ಪಕ್ಷದ ದುರ್ಬಲ ಜಾಗ.

"ಬೆಂಕಿ, ಹೊಗೆ, ನೀರು, ಈ ಮೂರೂ ಅಳತೆಗೆ ಬಗ್ಗಲ್ಲ" ಚೇತು ಬೆರಳು ಮಡಿಸುತ್ತಾ ಹೋದ. "ಕಟ್ಟಡನ 25ರಲ್ಲೊಂದು ಮಾಡಬಹುದು, ಹನಿಯನ್ನ ಮಾಡೋಕಾಗಲ್ಲ. ತೊಟ್ಟಿಯಲ್ಲಿ ಚಿಮ್ಮಿದ ಹನಿ ಮೃಗದ ಕಣ್ಣುಗುಡ್ಡೆಯಷ್ಟು ಕಾಣುತ್ತೆ. 2023ರ ಗಾಡ್ಜಿಲ್ಲಾ ಮೈನಸ್ ಒನ್ ನೋಡಿ. ದೋಣಿ, ಮನುಷ್ಯರು, ಅಲೆ ನಿಜವಾದ ಸಮುದ್ರದ್ದು. ಮೃಗದ ಮೈಯಿಂದ ಸುರಿಯೋ ನೀರು, ಹಿಂದೆ ಏಳೋ ನೊರೆ ಕಂಪ್ಯೂಟರಿನದು. 610 ಶಾಟ್, 35 ಜನ ಕಲಾವಿದರು. ನಿರ್ದೇಶಕ ಯಮಜಾಕಿಯೇ ವಿಎಫ್‌ಎಕ್ಸ್, ಅಂದ್ರೆ ಈ ಕಂಪ್ಯೂಟರ್ ದೃಶ್ಯಗಳ ಮೇಲ್ವಿಚಾರಕ, ಹಾಗಾಗಿ ಒಪ್ಪಿಗೆಗೆ ಸಾಗರದಾಚೆಗೆ ಮೇಲ್ ಕಳಿಸಿ ಕಾಯೋ ಗೋಳಿಲ್ಲ. 2024ರಲ್ಲಿ ಆಸ್ಕರ್."

"ಅದು ಒಳ್ಳೇದೇ" ಅಂತ ನಾಣಿ ಗೊಣಗಿದ. "ಉಳಿದವು? ಎಲ್ಲಾ ಕತ್ತಲು, ಎಲ್ಲಾ ಮಳೆ. ಏನೂ ಕಾಣಲ್ಲ."

"ಒಪ್ದೆ. ಚರ್ಮದ ಕೆಲಸ ಮುಗಿದಿರಲ್ಲ, ಬಿಡುಗಡೆ ದಿನ ಬಂದಿರುತ್ತೆ. ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ನಿಂಬೆಹುಳಿ ಹಿಂಡಿದ ಹಾಗೆ, ಮೇಲೆ ಮಳೆ ಸುರಿಯೋದು. ಆದ್ರೆ ಕತ್ತಲಿಗಿಂತ ದೊಡ್ಡ ತಪ್ಪು ಕ್ಯಾಮೆರಾದ್ದು. ಕಂಪ್ಯೂಟರೊಳಗೆ ಕ್ಯಾಮೆರಾಗೆ ತೂಕ ಇಲ್ಲ. ಮೃಗದ ಮೂಗಿನ ಸುತ್ತ ಸೊಳ್ಳೆಯಾಗಿ ಹಾರುತ್ತೆ. ಆಗ 100 ಮೀಟರಿನ ಪ್ರಾಣಿ ಮುಖಕ್ಕೆ ಮುಖ ಕೊಟ್ಟು ನಿಲ್ಲುತ್ತೆ, ಎತ್ತರ ಎಲ್ಲಿಂದ ಗೊತ್ತಾಗ್ಬೇಕು? ಕ್ಯಾಮೆರಾ ಐದೂವರೆ ಅಡಿಯಲ್ಲೇ ಇರಲಿ, ಕತ್ತೆತ್ತಿ ನೋಡಲಿ, ಮೃಗದ ತಲೆ ಚೌಕಟ್ಟಿನಿಂದ ಆಚೆ ಹೋಗ್ಲಿ. ತಲೆಗಿಂತ ಪಾದ ಗಾಢವಾಗಿರಲಿ, ಯಾಕಂದ್ರೆ ನಡುವೆ ಅಷ್ಟು ಗಾಳಿ, ಧೂಳು ಇದೆ. ಇನ್ನು ಹೆಜ್ಜೆ ಊರಿದ ಎರಡು ಮೂರು ಫ್ರೇಮ್ ಆದ ಮೇಲೆ ತೊಡೆ ಮಾಂಸ ನಡುಗ್ಬೇಕು. ಪಾದದ ಜೊತೆಗೇ ನಡುಗಿದ್ರೆ ಅದು ರಬ್ಬರು."

"ಜುರಾಸಿಕ್ ಪಾರ್ಕಲ್ಲಿ ಸ್ಪೀಲ್‌ಬರ್ಗ್ ಟಿ-ರೆಕ್ಸ್ ಡೈನೋಸಾರ್ ಬರೋದಕ್ಕೆ ಮುಂಚೆ ಒಂದು ಲೋಟ ನೀರು ತೋರಿಸ್ತಾನಲ್ಲ" ಅಂತ ಸರೋಜಕ್ಕ ನೆನಪಿಸಿದರು.

"ಅದು ಕಂಪ್ಯೂಟರ್ ಅಲ್ಲ, ಗಿಟಾರ್ ತಂತಿ! ಕಾರಿನ ಡ್ಯಾಶ್‌ಬೋರ್ಡಿನ ಅಡಿಗೆ ತಂತಿ ಕಟ್ಟಿ, ಕೆಳಗೆ ಒಬ್ಬ ಮೀಟುತ್ತಾ ಇದ್ದ. ನೀರಿನಲ್ಲಿ ದುಂಡಗೆ ಅಲೆ ಎದ್ದಿದ್ದು ಹಾಗೆ" ಅಂದ ನಾಣಿ, ಗೆದ್ದವನ ಹಾಗೆ. "1993. ಇಡೀ ಜುರಾಸಿಕ್ ಪಾರ್ಕಲ್ಲಿ ಡೈನೋಸಾರ್ ಕಾಣೋದೇ ಸುಮಾರು ಕಾಲು ಗಂಟೆ, ಅದರಲ್ಲೂ ಕಂಪ್ಯೂಟರಿನದು ಅರ್ಧಕ್ಕಿಂತ ಕಮ್ಮಿ. ಮಿಕ್ಕಿದ್ದು ಸ್ಟಾನ್ ವಿನ್‌ಸ್ಟನ್ ಕಟ್ಟಿದ ಯಂತ್ರಗಳು, ಹೈಡ್ರಾಲಿಕ್ ಮೇಲೆ ಓಡೋ 40 ಅಡಿಯ ಟಿ-ರೆಕ್ಸ್."

"ಆ ಯಂತ್ರದ ಅವಸ್ಥೆನೂ ಹೇಳು" ಅಂತ ಚೇತು ಕೆಣಕಿದ. "ಚರ್ಮ ಫೋಮ್ ಲೇಟೆಕ್ಸ್, ಅಂದ್ರೆ ಸ್ಪಂಜಿನಂಥ ರಬ್ಬರು. ಶೂಟಿಂಗಲ್ಲಿ ಮಳೆ. ಸ್ಪಂಜು ನೀರು ಕುಡೀತು, ತೂಕ ಏರ್ತು. ಒಣಗಿದ ಮೈಗೆ ಅಂತ ಹೊಂದಿಸಿದ್ದ ಹೈಡ್ರಾಲಿಕ್ ಲೆಕ್ಕವೆಲ್ಲ ತಪ್ಪಿ ಟಿ-ರೆಕ್ಸ್ ಗಡಗಡ ನಡುಗೋಕೆ ಶುರು. ಟೇಕ್ ಟೇಕಿಗೂ ಜನ ಟವೆಲ್ ಹಿಡ್ಕೊಂಡು ಮೈ ಒರೆಸ್ಬೇಕು."

"ನೆಗಡಿ ಆಗ್ದೇ ಇದ್ದಿದ್ದು ಪುಣ್ಯ."

"ಜಾಸ್ ಸಿನಿಮಾದ ಶಾರ್ಕ್‌ಗೂ ಅದೇ ಗತಿ" ಅಂದರು ಸರೋಜಕ್ಕ. "ಸಿಹಿನೀರಲ್ಲಿ ಪರೀಕ್ಷೆ ಮಾಡಿದ್ರು, ಉಪ್ಪುನೀರಿಗೆ ಇಳಿಸಿದ್ರು. ತುಕ್ಕು ಹಿಡಿದು, ಕೊಳವೆ ಕೆಟ್ಟು, ಶಾರ್ಕ್ ಮುಷ್ಕರ ಹೂಡ್ತು. ಬೇರೆ ದಾರಿ ಇಲ್ದೆ ಹಳದಿ ಪೀಪಾಯಿ ತೇಲಿಬಿಟ್ಟು, ಅದರ ಕೆಳಗೆ ಶಾರ್ಕ್ ಇದೆ ಅಂದ್ಕೊಳ್ಳಿ ಅಂದ್ರು. ಸರಿಯಾಗಿ ಮುಖ ತೋರಿಸೋ ಹೊತ್ತಿಗೆ 1 ಗಂಟೆ 21 ನಿಮಿಷ. ಯಂತ್ರ ನೆಟ್ಟಗಿದ್ದಿದ್ರೆ ಹತ್ತನೇ ನಿಮಿಷಕ್ಕೇ ತೋರಿಸಿಬಿಡ್ತಿದ್ರು."

"ಈಗಿನವರ ಕಷ್ಟವೇ ಅದು ಅಕ್ಕ, ನಮ್ಮ ಶಾರ್ಕ್ ಕೆಡೋದೇ ಇಲ್ಲ" ಅಂತ ಚೇತು ನಿಟ್ಟುಸಿರು ಬಿಟ್ಟ.

ಮಾತು ಸದ್ದಿನ ಕಡೆ ಹೊರಳಿತು. ಈಗಿನ ಮೃಗಗಳು ಕಿವಿಯೊಳಗೇ ಬಂದು ಕೂಗುತ್ತವೆ ಅನ್ನುವುದರಲ್ಲಿ ನಾಣಿ, ಸರೋಜಕ್ಕ ಒಂದೇ ಪಕ್ಷ. 1954ರ ಘರ್ಜನೆಗೆ ಸಂಗೀತಗಾರ ಇಫುಕುಬೆ ಡಬಲ್ ಬಾಸ್ ವಾದ್ಯದ ತಂತಿ ಸಡಿಲಿಸಿ, ರಾಳ ಹಚ್ಚಿದ ಚರ್ಮದ ಕೈಗವಸಿನಿಂದ ಉಜ್ಜಿಸಿದ್ದರು. ಟಿ-ರೆಕ್ಸ್ ಕೂಗಿನಲ್ಲಿರುವುದು ಮುಖ್ಯವಾಗಿ ಒಂದು ಆನೆಮರಿ. "ಎಲ್ಲಕ್ಕಿಂತ ಮೇಲು 1942ರ ಕ್ಯಾಟ್ ಪೀಪಲ್" ಅಂದರು ಸರೋಜಕ್ಕ. "ರಾತ್ರಿ, ನಿರ್ಜನ ರಸ್ತೆ, ಇಬ್ಬರು ಹೆಂಗಸರ ಹೆಜ್ಜೆ ಸದ್ದು. ಹಿಂದಿನದು ನಿಂತುಹೋಗುತ್ತೆ. ಸಂಗೀತ ಇಲ್ಲ, ಏನೂ ಇಲ್ಲ. ಕಿವಿ ಚಿರತೆಗೆ ಅಂತ ಕಾಯ್ತಿರುತ್ತೆ, ಬುಸ್ ಅಂತ ಬರೋದು ಬಸ್ಸು. ಇವತ್ತಿನ ಎಲ್ಲಾ ಬೆಚ್ಚಿಬೀಳಿಸೋ ದೃಶ್ಯಗಳ ಮುತ್ತಜ್ಜ ಅದು."

"ಬೆಂಗಳೂರಲ್ಲಿ ಇದರ ಅರ್ಧ ಮಜಾ ಹೋಗುತ್ತೆ" ಅಂದ ಚೇತು. "ರಾತ್ರಿ ಬಸ್ ಬಂತು ಅಂದ್ರೆ ಜನ ಕುಣಿದಾಡ್ತಾರೆ."

ನಾಣಿ ತನ್ನ ಬ್ರಹ್ಮಾಸ್ತ್ರ ತೆಗೆದ. 1931ರ ಫ್ರಾಂಕೆನ್‌ಸ್ಟೈನ್, ಬೋರಿಸ್ ಕಾರ್ಲಾಫ್, ಜ್ಯಾಕ್ ಪಿಯರ್ಸ್‌ನ ಮೇಕಪ್. "ದಿನಾ ಸುಮಾರು ನಾಲ್ಕು ಗಂಟೆ. ಹತ್ತಿ ಪದರ, ಅದರ ಮೇಲೆ ಕಲೋಡಿಯನ್ ಅನ್ನೋ ಅಂಟು, ಮತ್ತೆ ಹತ್ತಿ. ತಲೆ ಚಪ್ಪಟೆ ಯಾಕೆ? ಡಾಕ್ಟರು ಬುರುಡೆನ ಡಬ್ಬಿ ಮುಚ್ಚಳದ ಹಾಗೆ ಕೊಯ್ದು, ಮಿದುಳು ಇಟ್ಟು ಮುಚ್ಚಿದಾನೆ ಅನ್ನೋ ತರ್ಕ. ರೆಪ್ಪೆ ಮೇಲೆ ಮೇಣ. ಮುಖಕ್ಕೆ ಹಸಿರು-ನೀಲಿ ಬಣ್ಣ, ಕಪ್ಪು-ಬಿಳುಪಲ್ಲಿ ಅದು ಹೆಣದ ಬಿಳಿಚು. ಕಾರ್ಲಾಫ್ ತನ್ನ ಕಟ್ಟಿಸಿದ ಹಲ್ಲನ್ನೇ ತೆಗೆದಿಟ್ಟು ಒಂದು ಕೆನ್ನೆ ಗುಳಿ ಬೀಳಿಸಿಕೊಂಡ. ಇಷ್ಟೆಲ್ಲಾ ಮಾಡಿ, ಶುರುವಿನ ಟೈಟಲಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ!"

"ಅವರಪ್ಪ ಬ್ರಿಟಿಷ್ ಇಂಡಿಯಾದ ಉಪ್ಪಿನ ಸುಂಕದ ಇಲಾಖೆಯಲ್ಲಿದ್ದವರು" ಅಂದರು ಸರೋಜಕ್ಕ.

"ನೋಡಿ, ನಮ್ಮ ಉಪ್ಪಿನ ಋಣ! ಅದಕ್ಕೇ ಅಷ್ಟು ನಿಯತ್ತು."

ಚೇತು ಏನೂ ಅನ್ನಲಿಲ್ಲ. ಎದ್ದು ಹೋಗಿ ಟಿವಿ ರಿಮೋಟ್ ತಂದು ಸೆಟ್ಟಿಂಗ್ ತೆರೆದ. "ಜಗಳ ಆಮೇಲೆ. ನಾಣಿ, ನಿನ್ನ ಟಿವಿಯಲ್ಲಿ ಮೋಷನ್ ಸ್ಮೂದಿಂಗ್ ಆನ್ ಇದೆ. 24 ಫ್ರೇಮ್ ನಡುವೆ ಟಿವಿ ತಾನೇ ಫ್ರೇಮ್ ಹುಟ್ಟಿಸಿ ತುರುಕ್ತಾ ಇದೆ. ಓಬ್ರಿಯನ್ ಕೈಯಾರೆ ಅಲುಗಿಸಿದ್ದನ್ನ ಇದು ಎಣ್ಣೆ ಹಚ್ಚಿ ಜಾರಿಸಿಬಿಡುತ್ತೆ; ಕಾಂಗ್ ಮೈಮೇಲೆ ಅನಿಮೇಟರಿನ ಬೆರಳು ಮುಟ್ಟಿ ಕೂದಲು ನಿಮಿರೋದೂ ಹಾಳು. ಇಷ್ಟು ದಿನ ನೀನು ಹಳೇ ಸಿನಿಮಾ ಅಂತ ನೋಡಿದ್ದೆಲ್ಲ ಅರ್ಧ ಹೊಸದೇ. ಆಫ್ ಮಾಡ್ದೆ. ಈಗ ಯಾವುದು ಹಾಕ್ಲಿ?"

"1954ರದ್ದು" ಅಂದರು ಸರೋಜಕ್ಕ. "ಜಪಾನಿನ 96 ನಿಮಿಷದ್ದೇ ಆಗ್ಬೇಕು. 1956ರಲ್ಲಿ ಅಮೆರಿಕದವರು 80 ನಿಮಿಷಕ್ಕೆ ಇಳಿಸಿ, ನಡುವೆ ಒಬ್ಬ ವರದಿಗಾರನನ್ನ ಸೇರಿಸಿದ್ರಲ್ಲ, ಅದು ಬೇಡ."

"ಯಾಕಕ್ಕ? ರೇಮಂಡ್ ಬರ್ ಒಳ್ಳೇ ನಟ."

"ಇರಬಹುದು ಮಾರಾಯ. ಆದ್ರೆ ಊರಿಗೆ ಊರೇ ಉರೀತಿರುವಾಗ ಕಿಟಕಿ ಹತ್ರ ನಿಂತು ವಿವರಣೆ ಕೊಡೋನು ನನಗೆ ಬೇಕಿಲ್ಲ. ಅದಕ್ಕೆ ನೀವಿಬ್ರು ಇದ್ದೀರಲ್ಲ."