ಟೋಕಿಯೋದಲ್ಲಿ ಹಳೆಯ ಆರ್‌ಜಿ550 ಕೊಳ್ಳಬೇಕು: ಶ್ರೆಡ್ (ಅತಿ ವೇಗದ ಗಿಟಾರ್ ವಾದನ) ನುಡಿಸುವವರು ಏನು ನೋಡಿ ತಗೋಬೇಕು?

ಮಲೆನಾಡ ಮೆಟ್ರೋನೋಮ್:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಆಫೀಸ್ ಕೆಲಸದ ಮೇಲೆ ಎರಡು ವಾರ ಟೋಕಿಯೋಗೆ ಹೋಗುತ್ತಿದ್ದೇನೆ. ನಡುವೆ ಒಂದು ಶನಿವಾರ, ಭಾನುವಾರ ಬಿಡುವು ಸಿಗುತ್ತದೆ. ಆ ಎರಡು ದಿನದಲ್ಲಿ ಐಬನೆಜ್ ಕಂಪನಿಯ ಒಂದು ಹಳೆಯ ಆರ್‌ಜಿ550 ಎಲೆಕ್ಟ್ರಿಕ್ ಗಿಟಾರ್ ತರಬೇಕು ಅಂತ ಆಸೆ. 1987ರಿಂದ 1990ರ ಒಳಗಿನದು. ಕೈಯಲ್ಲಿರುವುದು ಒಂದು ಲಕ್ಷ ಯೆನ್.

ನನ್ನ ಊರು ತೀರ್ಥಹಳ್ಳಿ ಕಡೆ, ಇರುವುದು ಬೆಂಗಳೂರಿನಲ್ಲಿ. ಹತ್ತು ವರ್ಷದಿಂದ ನುಡಿಸುತ್ತಿದ್ದೇನೆ. ಬೆಳಿಗ್ಗೆ ಐದೂವರೆಗೆ ಎದ್ದು, ಆಂಪ್ ಹಾಕದೆ, ಮೆಟ್ರೋನೋಮ್ ಜೊತೆ ಒಂದು ಗಂಟೆ ಆಲ್ಟರ್ನೇಟ್ ಪಿಕ್ಕಿಂಗ್ (ತಂತಿಯನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಮೀಟುವುದು). ಈಗ ಬೀಟ್‌ಗೆ ನಾಲ್ಕು ಸ್ವರದಂತೆ ನಿಮಿಷಕ್ಕೆ 168 ಬೀಟ್‌ನ ವೇಗ ಸ್ವಚ್ಛವಾಗಿ ಬರುತ್ತಿದೆ. ಅದಕ್ಕಿಂತ ಮೇಲೆ ಹೋದರೆ ನನ್ನ ಗಿಟಾರ್‌ನ ದಪ್ಪ ನೆಕ್ (ಎಡಗೈ ಹಿಡಿಯುವ ಉದ್ದನೆಯ ಕತ್ತು) ಹೆಬ್ಬೆರಳನ್ನು ಹಿಡಿದು ನಿಲ್ಲಿಸಿದ ಹಾಗೆ ಆಗುತ್ತದೆ.

ಎರಡು ವರ್ಷದ ಹಿಂದೆ ಫೋಟೋ ನೋಡಿ, ಬೇರೆ ಊರಿನ ಒಬ್ಬರಿಂದ 80ರ ದಶಕದ ಒಂದು ಗಿಟಾರ್ ತರಿಸಿದ್ದೆ. ಬಣ್ಣ ಫಳಫಳ ಅನ್ನುತ್ತಿತ್ತು. ಆರ್ಮ್ (ಬ್ರಿಡ್ಜ್ ಅಲುಗಿಸಿ ಸ್ವರ ಏರಿಳಿಸುವ ಸರಳು) ಒಂದು ಸಲ ಒತ್ತಿ ಬಿಟ್ಟರೆ ಆರೂ ತಂತಿಯ ಶ್ರುತಿ ಹೋಗುತ್ತಿತ್ತು. ರಿಪೇರಿಯವರು ಬಾಡಿಯ ಮೇಲೆ ತಂತಿಗಳನ್ನು ಹಿಡಿಯುವ ಬ್ರಿಡ್ಜ್ ಬಿಚ್ಚಿ ತೋರಿಸಿದರು: ಬ್ರಿಡ್ಜ್ ಆನಿಕೊಳ್ಳುವ ಸ್ಟಡ್ ಎಂಬ ದಪ್ಪ ಸ್ಕ್ರೂ ಕೂರುವ ತೂತು ಸೀಳಿತ್ತು, ಒಳಗೆ ಅಂಟು ಮತ್ತು ಹಲ್ಲುಕಡ್ಡಿ ತುಂಬಿದ್ದರು. ಅವತ್ತು ಅಂಗಡಿಯಿಂದ ಮನೆಗೆ ಬರುವಾಗ ಗಂಟಲು ಕಟ್ಟಿತ್ತು. ಈ ಸಲ ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ ತಗೋಬೇಕು. ಏನೇನು ನೋಡಲಿ, ಯಾವ ಕ್ರಮದಲ್ಲಿ ನೋಡಲಿ? ಇದೇ ಮಾಡೆಲ್ ಅನ್ನು ಕಂಪನಿ ಮತ್ತೆ ಮಾಡಿ ತಂದ ಮರುತಯಾರಿಕೆಯನ್ನೇ ತಗೊಳ್ಳುವುದು ವಾಸಿಯಾ?

ಸೈತಾಮಾದ ಸಾಗರದವ:

ನಮಸ್ಕಾರ. ನಾನು ಸಾಗರದವನು, ಹನ್ನೊಂದು ವರ್ಷದಿಂದ ಸೈತಾಮಾದಲ್ಲಿದ್ದೇನೆ. ನನ್ನ ಹತ್ತಿರ 1989ರ ಆರ್‌ಜಿ550 ಇದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಜಾಗ. ಒಚಾನೊಮಿಝು ಸ್ಟೇಷನ್‌ನಲ್ಲಿ ಇಳಿದು ಜಿಂಬೋಚೋ ಕಡೆಗೆ ಇಳಿಜಾರಿನಲ್ಲಿ ನಡೆಯಿರಿ. ರಸ್ತೆಯ ಎರಡೂ ಕಡೆ ಗಿಟಾರ್ ಅಂಗಡಿಗಳು, ಕೆಲವು ಮೂರು ನಾಲ್ಕು ಮಹಡಿಯವು. ಶನಿವಾರ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಮಧ್ಯಾಹ್ನದ ಮೇಲೆ ಜನ ಜಾಸ್ತಿ, ನಿಧಾನವಾಗಿ ನುಡಿಸಿ ನೋಡಲು ಆಗುವುದಿಲ್ಲ. ಗೋಡೆಯಿಂದ ನೀವೇ ತೆಗೆಯಬೇಡಿ. "ಶಿಸೋ ಈ ದೆಸ್ ಕಾ" ಅಂತ ಕೇಳಿ, ನುಡಿಸಿ ನೋಡಬಹುದೇ ಅಂತ ಅರ್ಥ. ಅವರೇ ಇಳಿಸಿ, ಶ್ರುತಿ ಮಾಡಿ, ಆಂಪ್‌ಗೆ ಹಾಕಿ ಕೊಡುತ್ತಾರೆ. ಪ್ಯಾಂಟಿನ ಬೆಲ್ಟ್ ಬಕಲ್ ತೆಗೆದಿಟ್ಟು ಕೂತರೆ ಅವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಇಲ್ಲಿನ ಬೆಲೆ ಚೀಟಿ ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಸವೆಯದೆ ಎಷ್ಟು ಉಳಿದಿದೆ ಅಂತ ಹತ್ತರ ಲೆಕ್ಕದಲ್ಲಿ ಬರೆದಿರುತ್ತಾರೆ. "ಹಚಿ ವಾರಿ" ಅಂದರೆ ಹತ್ತರಲ್ಲಿ ಎಂಟು ಭಾಗ ಉಳಿದಿದೆ. "ಗೊ ವಾರಿ" ಅಂದರೆ ಅರ್ಧ ಸವೆದಿದೆ. ನೆಕ್ ಮುಂದಕ್ಕೆ ಬಾಗಿದ್ದರೆ "ಜುನ್‌ಜೋರಿ", ಹಿಂದಕ್ಕೆ ಬಾಗಿದ್ದರೆ "ಗ್ಯಾಕುಜೋರಿ". ಬಾಗು ಸರಿ ಮಾಡಲು ನೆಕ್ ಒಳಗಿರುವ ಟ್ರಸ್ ರಾಡ್ ತಿರುಗಿಸಲು ಇನ್ನೂ ಅವಕಾಶ ಇದ್ದರೆ "ಯೊಯೂ ಆರಿ" ಅಂತ ಇರುತ್ತದೆ. ಈ ಕೊನೆಯ ಮಾತು ತುಂಬಾ ಮುಖ್ಯ. ಆರ್‌ಜಿ550ರ ನೆಕ್ ಮೊದಲ ಫ್ರೆಟ್ ಹತ್ತಿರ ಸುಮಾರು 17 ಮಿ.ಮೀ. ದಪ್ಪ, ಅಷ್ಟೇ. ನಿಮ್ಮ ಹೆಬ್ಬೆರಳಿಗೆ ಅದೇ ಬೇಕು. ಆದರೆ ಇಷ್ಟು ತೆಳ್ಳಗಿನ ಮೇಪಲ್ ಮರ ಮೂವತ್ತೈದು ವರ್ಷ ತಂತಿಯ ಎಳೆತ ತಡೆದುಕೊಂಡು ಬಂದಿದೆ. ಮುಂದಕ್ಕೆ ಬಾಗಿದೆ, ರಾಡ್ ಪೂರ್ತಿ ಬಿಗಿದಾಗಿದೆ ಅಂದರೆ ಅದನ್ನು ಬಿಡಿ. ಹಿಂದಕ್ಕೆ ಬಾಗಿದೆ, ರಾಡ್ ಪೂರ್ತಿ ಸಡಿಲ ಇದೆ ಅಂದರೂ ಬಿಡಿ. ಉಳಿದಿದ್ದನ್ನೆಲ್ಲ ಸರಿ ಮಾಡಬಹುದು.

ಸೀರಿಯಲ್ ನಂಬರ್ ವಿಷಯ. ಎಫ್ ಅಕ್ಷರ ಫುಜಿಗೆನ್ ಕಾರ್ಖಾನೆಯದು, ನಾಗಾನೋ ಪ್ರಾಂತ್ಯದ ಮತ್ಸುಮೋಟೊ ಊರಿನದು. ಅದರ ಮುಂದಿನ ಅಂಕಿ ವರ್ಷ. ಎಫ್8 ಅಂದರೆ 1988, ಎಫ್9 ಅಂದರೆ 1989. ಆದರೆ ನನ್ನ ಗಿಟಾರ್‌ನಲ್ಲಿ ಆ ನಂಬರ್ ಇರುವುದು ಹಿಂದಿನ ನೆಕ್ ಪ್ಲೇಟ್ ಮೇಲೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಪ್ಲೇಟ್ ಕೈಗೆ ಬರುತ್ತದೆ, ಬೇರೆ ಗಿಟಾರ್‌ಗೂ ಹಾಕಬಹುದು. ನಂಬರ್ ಒಂದನ್ನೇ ನೋಡಿ ದುಡ್ಡು ಕೊಡಬೇಡಿ.

ಇನ್ನು ಬಣ್ಣ. ನನ್ನದು ರೋಡ್ ಫ್ಲೇರ್ ರೆಡ್. ತಂದಾಗ ಹಣ್ಣಾದ ಪಪ್ಪಾಯಿ ಒಳಗಿನ ಬಣ್ಣಕ್ಕೆ ಇಳಿದಿತ್ತು. ಸ್ಪ್ರಿಂಗ್ ಬದಲಾಯಿಸಲು ಹಿಂದಿನ ಕವರ್ ತೆಗೆದೆ. ಕವರ್ ಕೂತಿದ್ದ ಅಂಚಿನಲ್ಲಿ ಬೆರಳಗಲದ ಒಂದು ಪಟ್ಟಿ, ಹೊಸ ಕುಂಕುಮದಂಥ ಕೆಂಪು, ಕಣ್ಣು ಕುಕ್ಕುವ ಹಾಗೆ. ಬಿಸಿಲು ತಾಗದೇ ಉಳಿದ ಜಾಗ ಅದು. ಈ ನಿಯಾನ್ ಬಣ್ಣಗಳು ಬಿಸಿಲಿಗೆ ಮಂಕಾಗುವುದು ಸಹಜ. ಮಂಕಾದದ್ದಕ್ಕೆ ಬೆಲೆಯೂ ಕಮ್ಮಿ. ನುಡಿಸುವವರಿಗೆ ಅದು ಲಾಭವೇ.

ಫ್ರೆಟ್ ಫೈಲು, ಮೈಸೂರು:

ಸಾಗರದವರು ನೆಕ್ ಬಗ್ಗೆ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಗಿಟಾರ್ ರಿಪೇರಿ ಮಾಡುತ್ತೇನೆ, ಬ್ರಿಡ್ಜ್ ಬಗ್ಗೆ ಹೇಳುತ್ತೇನೆ. ಶ್ರೆಡ್ ನುಡಿಸುವವರ ಹಳೆಯ ಗಿಟಾರ್ ಹಾಳಾಗುವುದು ಜಾಸ್ತಿ ಅಲ್ಲೇ.

ಈ ಬಗೆಯ ಬ್ರಿಡ್ಜ್ ಒಂದು ತಕ್ಕಡಿ ಇದ್ದ ಹಾಗೆ. ಒಂದು ಕಡೆ ತಂತಿಗಳ ಎಳೆತ, ಇನ್ನೊಂದು ಕಡೆ ಹಿಂಬದಿ ಸ್ಪ್ರಿಂಗ್‌ಗಳ ಎಳೆತ. ಎರಡು ಸ್ಟಡ್ ಮೇಲೆ ಚಾಕುವಿನ ಬಾಯಿಯಂಥ ಎರಡು ಚೂಪು ಅಂಚು ಆನಿಕೊಂಡಿರುತ್ತವೆ. ಆ ಅಂಚು ಮೊಂಡಾದರೆ ತಕ್ಕಡಿ ಪ್ರತಿ ಸಲ ಬೇರೆ ಜಾಗದಲ್ಲಿ ನಿಲ್ಲುತ್ತದೆ. ಐಬನೆಜ್‌ನ ಹಳೆಯ, ಎಡ್ಜ್ ಎಂಬ ಹೆಸರಿನ ಬ್ರಿಡ್ಜ್‌ಗಳು ಗೊಟೊ ಕಂಪನಿ ಮಾಡಿದವು, ಉಕ್ಕು ಗಟ್ಟಿ. ಮೂವತ್ತು ವರ್ಷ ದಾಟಿಯೂ ಚೂಪಾಗಿರುವ ಅಂಚುಗಳನ್ನು ನನ್ನ ಮೇಜಿನ ಮೇಲೆ ನೋಡಿದ್ದೇನೆ. ಅದೇ ಕಾಲದ ಕೆಲವು ಅಗ್ಗದ, ಬೇರೆಯವರ ವಿನ್ಯಾಸಕ್ಕೆ ಲೈಸೆನ್ಸ್ ಪಡೆದು ಮಾಡಿದ ಬ್ರಿಡ್ಜ್‌ಗಳ ಲೋಹ ಮೆದು. ಒಮ್ಮೆ ಸವೆದರೆ ಮುಗಿಯಿತು, ಹೊಂದುವ ಭಾಗವೂ ಸಿಗುವುದಿಲ್ಲ.

ಪರೀಕ್ಷೆ ಹೀಗೆ ಮಾಡಿ. ಮೊದಲು ಸರಿಯಾಗಿ ಶ್ರುತಿ ಮಾಡಿ, ಫೋನಿನಲ್ಲಿ ಟ್ಯೂನರ್ ತೆರೆದಿಡಿ. ಆರ್ಮ್ ಒತ್ತಿ ತಂತಿಗಳು ಜೋತು ಬೀಳುವವರೆಗೆ ಇಳಿಸಿ, ಬಿಡಿ. ಮೂರನೇ ತಂತಿಯ ಶ್ರುತಿ ನೋಡಿ. ಈಗ ಮೇಲಕ್ಕೆ ಎಳೆದು ಬಿಡಿ. ಮತ್ತೆ ಅದೇ ತಂತಿ ನೋಡಿ. ಎರಡು ಸಲವೂ ಮುಳ್ಳು ಒಂದೇ ಕಡೆ ನಿಂತರೆ ಒಳ್ಳೆಯದು. ಒಮ್ಮೆ ಮೇಲೆ, ಒಮ್ಮೆ ಕೆಳಗೆ ನಿಂತರೆ ಅಂಚಾದರೂ ಹೋಗಿದೆ, ಸ್ಟಡ್ ಆದರೂ ಅಲುಗುತ್ತಿದೆ. ನೆಕ್ ತುದಿಯಲ್ಲಿ ತಂತಿಗಳನ್ನು ಬಿಗಿಹಿಡಿಯುವ ಲಾಕಿಂಗ್ ನಟ್ ಸರಿಯಾಗಿ ಬಿಗಿ ಮಾಡಿದ ಮೇಲೆ ಈ ಪರೀಕ್ಷೆ ಮಾಡಿ, ಇಲ್ಲದಿದ್ದರೆ ಸುಮ್ನೆ ಗೊಂದಲ. ಹಳೆಯ ಗಿಟಾರ್‌ಗಳಲ್ಲಿ ಆರ್ಮ್ ಕಳೆದುಹೋಗಿರುವುದೇ ಜಾಸ್ತಿ. ಆಗ ಬ್ರಿಡ್ಜ್ ಅನ್ನು ಅಂಗೈಯಲ್ಲಿ ಒತ್ತಿ, ಎತ್ತಿ ನೋಡಿದರೂ ಸಾಕು.

ಆಮೇಲೆ ಟಾರ್ಚ್ ಹಾಕಿ ಸ್ಟಡ್‌ಗಳ ಸುತ್ತಲಿನ ಪೇಂಟ್ ನೋಡಿ. ಆರ್‌ಜಿ550ರ ಬಾಡಿ ಬಾಸ್‌ವುಡ್, ಉಗುರಿನಲ್ಲಿ ಒತ್ತಿದರೆ ಗುರುತು ಬೀಳುವಷ್ಟು ಮೆದು ಮರ. ಸ್ಟಡ್‌ನಿಂದ ಪಿಕಪ್ (ತಂತಿಯ ನಾದ ಹಿಡಿಯುವ ಭಾಗ) ಕಡೆಗೆ ಕೂದಲೆಳೆಯಂಥ ಬಿರುಕು ಹೊರಟಿದ್ದರೆ, ಸ್ಟಡ್ ಮುಂದಕ್ಕೆ ವಾಲಿದ್ದರೆ, ನಿಮ್ಮ ಹಳೆಯ ಕಥೆಯೇ ಮತ್ತೆ. ಪೇಂಟ್ ಮೇಲೆ ಮಾತ್ರ ಬಿರುಕಿದ್ದು ಸ್ಟಡ್ ನೆಟ್ಟಗಿದ್ದರೆ ಹೆದರಬೇಡಿ.

ಫ್ರೆಟ್ ಬಗ್ಗೆ ಒಂದು ಮಾತು. ಮೇಪಲ್ ಫ್ರೆಟ್‌ಬೋರ್ಡ್ ಮೇಲೆ ಲ್ಯಾಕರ್ ಇರುತ್ತದೆ. ಹಾಗಾಗಿ ಹೊಸ ಫ್ರೆಟ್ ಹಾಕುವ ಕೆಲಸ ದುಬಾರಿ, ನಿಧಾನ. ಅರ್ಧ ಸವೆದದ್ದನ್ನು ಅಗ್ಗ ಅಂತ ತಗೊಂಡರೆ ಉಳಿಸಿದ ದುಡ್ಡು ನನ್ನಂಥವರ ಕೈಗೇ ಬರುತ್ತದೆ. ಪಿಕಪ್, ಸ್ವಿಚ್, ಜ್ಯಾಕ್ ಕರಕರ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಒಂದು ಸಂಜೆಯ ಕೆಲಸ.

ಲೆಗಾಟೋ ಧಾರವಾಡ:

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂದೇ ಮಾಡೆಲ್‌ಗೆ ಅಂಟಿಕೊಳ್ಳಬೇಡಿ. ಅದೇ ಕಾಲದ, ಜಪಾನಿನಲ್ಲಿ ತಯಾರಾದ ಶಾರ್ವೆಲ್ ಕಂಪನಿಯ ಮಾಡೆಲ್ ಸೀರೀಸ್ ಇದೆ, 1986ರಿಂದ 1989ರವರೆಗೆ ಬಂದದ್ದು. ಅದರಲ್ಲಿ ಮಾಡೆಲ್ 6ರ ನೆಕ್ ಬಾಡಿಯ ಒಳಗೇ ಹಾದು ಹೋಗುತ್ತದೆ. ಮೇಲಿನ ಫ್ರೆಟ್‌ಗಳಿಗೆ ಹೋದಾಗ ಅಂಗೈಗೆ ಏನೂ ತಾಗುವುದಿಲ್ಲ. ಹಳೆಯ ಆರ್‌ಜಿ550ರಲ್ಲಿ ನೆಕ್ ಸೇರುವ ಜಾಗ ಚೌಕದ ಗಟ್ಟಿ ಮೂಲೆ. 24ನೇ ಫ್ರೆಟ್‌ನಲ್ಲಿ ಅದು ಕೈಗೆ ಒತ್ತುತ್ತದೆ, ಕೆಲವರಿಗೆ ಇಷ್ಟವಾಗುವುದಿಲ್ಲ.

ರೋಸ್‌ವುಡ್ ಫ್ರೆಟ್‌ಬೋರ್ಡ್ ಇಷ್ಟವಿದ್ದರೆ ಆರ್‌ಜಿ570 ನೋಡಿ. ಗಿಟಾರ್‌ನವರು ಇಂಡಿಯನ್ ರೋಸ್‌ವುಡ್ ಅನ್ನುವುದು ನಮ್ಮ ಬೀಟೆ ಮರವನ್ನೇ, ತೀರ್ಥಹಳ್ಳಿಯವರಿಗೆ ಹೇಳಬೇಕಾಗಿಲ್ಲ. 2017ರಿಂದ ಎರಡು ವರ್ಷ ಇದನ್ನು ಗಡಿ ದಾಟಿಸಲು ಸೈಟೀಸ್ (ಅಪಾಯದಲ್ಲಿರುವ ಪ್ರಾಣಿ, ಗಿಡಮರಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಕಾಗದಪತ್ರದ ಕಾಟ ಇತ್ತು. 2019ರ ಕೊನೆಗೆ ತಯಾರಾದ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಬ್ರೆಜಿಲ್‌ನ ರೋಸ್‌ವುಡ್‌ಗೆ ಮಾತ್ರ ಆ ವಿನಾಯಿತಿ ಇಲ್ಲ.

2018ರಲ್ಲಿ ಬಂದ ಮರುತಯಾರಿಕೆ ನನ್ನ ಹತ್ತಿರ ಇದೆ. ಅದೂ ಜಪಾನಿನದೇ. ನೆಕ್ ಮೇಪಲ್ ಮತ್ತು ವಾಲ್‌ನಟ್ ಐದು ಪಟ್ಟಿ ಸೇರಿಸಿ ಮಾಡಿದ್ದು. ಧಾರವಾಡದ ಮಳೆಗಾಲ, ಬೇಸಿಗೆ ಎರಡನ್ನೂ ಕಂಡಿದೆ, ರಾಡ್ ಮುಟ್ಟಿದ್ದು ಒಂದೇ ಸಲ. ಹಳೆಯದರ ಮೇಲೆ ಪ್ರೀತಿ ಇಲ್ಲದಿದ್ದರೆ ಇದೇ ನೆಮ್ಮದಿ.

ಹೊಸಬ್ಬ ಹಾಸನ:

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ವಿಂಟೇಜ್ ಅಂದರೆ 60ರ ದಶಕದ ಫೆಂಡರ್ ಕಂಪನಿಯ ಸ್ಟ್ರಾಟ್ ಗಿಟಾರ್ ಅಲ್ವಾ? ಅದರಲ್ಲಿ ಶ್ರೆಡ್ ಆಗುವುದಿಲ್ವಾ?

ಫ್ರೆಟ್ ಫೈಲು, ಮೈಸೂರು:

ಒಳ್ಳೆಯ ಪ್ರಶ್ನೆ. ಆ ಸ್ಟ್ರಾಟ್‌ಗಳ ಫ್ರೆಟ್‌ಬೋರ್ಡ್ ಉಬ್ಬು ಜಾಸ್ತಿ, 7.25 ಇಂಚಿನ ರೇಡಿಯಸ್. ತಂತಿಯನ್ನು ಕೆಳಗಿಳಿಸಿ ಮೇಲಿನ ಫ್ರೆಟ್‌ನಲ್ಲಿ ಬೆಂಡ್ ಮಾಡಿದರೆ (ಪಕ್ಕಕ್ಕೆ ತಳ್ಳಿ ಸ್ವರ ಏರಿಸಿದರೆ), ತಂತಿ ಉಬ್ಬಿಗೆ ತಾಗಿ ಸ್ವರ ಉಸಿರು ಕಟ್ಟಿದಂತೆ ಸಾಯುತ್ತದೆ. ಫ್ರೆಟ್‌ಗಳೂ ಸಣ್ಣವು, ಇರುವುದು 21. ಶ್ರೆಡ್‌ಗೆ ಹೆಸರಾದ ಯಿಂಗ್ವೇ ಮಾಲ್ಮ್‌ಸ್ಟೀನ್ ಸ್ಟ್ರಾಟ್‌ನಲ್ಲೇ ನುಡಿಸುತ್ತಾರೆ ನಿಜ, ಆದರೆ ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನ ಹಾಗೆ ಕೆತ್ತಿಸಿಕೊಂಡಿದ್ದಾರೆ. ಆರ್‌ಜಿ ಬೋರ್ಡ್ ಹೆಚ್ಚುಕಡಿಮೆ ಚಪ್ಪಟೆ, 24 ಫ್ರೆಟ್. ಆ ಬಗೆಯ ವಾದನಕ್ಕೆಂದೇ ಮಾಡಿದ್ದು.

ಸೈತಾಮಾದ ಸಾಗರದವ:

ವಿಮಾನದ ಬಗ್ಗೆ ಮರೆತಿದ್ದೆ. ತಂತಿಗಳನ್ನು ಪೂರ್ತಿ ಸಡಿಲ ಮಾಡಬೇಡಿ, ಸ್ಪ್ರಿಂಗ್‌ಗಳು ಬ್ರಿಡ್ಜ್ ಅನ್ನು ಹಿಂದಕ್ಕೆ ಎಳೆದು ಬೀಳಿಸುತ್ತವೆ. ನಟ್ ಲಾಕ್ ಬಿಚ್ಚಿ, ಆರೂ ತಂತಿ ಸ್ವಲ್ಪ ಸ್ವಲ್ಪ ಇಳಿಸಿ, ಬ್ರಿಡ್ಜ್ ಕೆಳಗೆ ಮಡಿಸಿದ ಬಟ್ಟೆ ಇಡಿ. ಅಲೆನ್ ಕೀ ಚೆಕ್-ಇನ್ ಬ್ಯಾಗಿಗೆ. ಬಿಲ್ ಕೈಯಲ್ಲೇ ಇರಲಿ, ಬೆಂಗಳೂರಿನಲ್ಲಿ ಕಸ್ಟಮ್ಸ್‌ನವರು ಕೇಳಿದರೆ ತೋರಿಸಬೇಕು.

ಮಲೆನಾಡ ಮೆಟ್ರೋನೋಮ್:

ಬಂದೆ. ಗಿಟಾರ್ ಕೂಡ ಬಂತು. ಬೇಗ ಬರೆಯಬೇಕಿತ್ತು, ನಾಲ್ಕು ದಿನದಿಂದ ಕೈಯಿಂದ ಕೆಳಗಿಡಲು ಮನಸ್ಸೇ ಬರಲಿಲ್ಲ.

ಶನಿವಾರ ಮೂರು ಆರ್‌ಜಿ550 ನೋಡಿದೆ. ಮೊದಲನೆಯದು ಕಪ್ಪು, 98,000 ಯೆನ್, ಒಂದು ಗೀರೂ ಇಲ್ಲ. ಫೋಟೋದಲ್ಲಿ ನೋಡಿದ್ದರೆ ಅದನ್ನೇ ತರಿಸುತ್ತಿದ್ದೆ. ಚೀಟಿಯಲ್ಲಿ "ಗೊ ವಾರಿ" ಇತ್ತು. ಮೊದಲ ಫ್ರೆಟ್, ಕೊನೆಯ ಫ್ರೆಟ್ ಎರಡೂ ಒತ್ತಿ ಏಳನೇ ಫ್ರೆಟ್ ಹತ್ತಿರ ನೋಡಿದೆ. ತಂತಿ ಫ್ರೆಟ್‌ಗೆ ಅಂಟಿಕೊಂಡಿತ್ತು, ಗಾಳಿ ಹೋಗುವಷ್ಟೂ ಜಾಗ ಇಲ್ಲ, ಅಂದರೆ ನೆಕ್ ಹಿಂದಕ್ಕೆ ಬಾಗಿದೆ. ರಾಡ್ ಬಗ್ಗೆ ಕೇಳಿದೆ. ಅಂಗಡಿಯ ಹುಡುಗ ತಾನೇ ತಿರುಗಿಸಿ ನೋಡಿ, ಪೂರ್ತಿ ಸಡಿಲ ಇದೆ ಅಂತ ತಲೆ ಅಲ್ಲಾಡಿಸಿದ. ಕೈ ಮುಗಿದು ವಾಪಸ್ ಕೊಟ್ಟೆ. ಎರಡನೆಯದು ಹಳದಿ, ಬಜೆಟ್ ಮೀರಿತ್ತು.

ಮೂರನೆಯದು ಸಂಜೆ ಐದು ಗಂಟೆಗೆ, ಒಂದು ಸಣ್ಣ ಅಂಗಡಿಯ ಎರಡನೇ ಮಹಡಿಯಲ್ಲಿ. ಎಫ್8, ಮಂಕಾದ ಕೆಂಪು, ಹಿಂಬದಿಯಲ್ಲಿ ಬಕಲ್‌ನ ಗೀರು, ಸಿಗರೇಟ್ ವಾಸನೆ, ಆರ್ಮ್ ಇಲ್ಲ. ಫ್ರೆಟ್ "ಹಚಿ ವಾರಿ". ಬ್ರಿಡ್ಜ್ ಅನ್ನು ಅಂಗೈಯಲ್ಲಿ ಒತ್ತಿ ಬಿಟ್ಟೆ, ಎತ್ತಿ ಬಿಟ್ಟೆ. ಟ್ಯೂನರ್ ಮುಳ್ಳು ಎರಡೂ ಸಲ ಅದೇ ಜಾಗಕ್ಕೆ ಬಂದು ನಿಂತಿತು. ಇನ್ನೂ ಹತ್ತು ಸಲ ಮಾಡಿದೆ. ಸ್ಟಡ್ ಸುತ್ತ ಪೇಂಟ್ ಅಚ್ಚುಕಟ್ಟು. ಆಮೇಲೆ ಆಂಪ್ ಇಲ್ಲದೆ ನನ್ನ ಬೆಳಗಿನ ಪಾಠವನ್ನೇ ನುಡಿಸಿದೆ. ಹೆಬ್ಬೆರಳು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. 92,000 ಕೊಟ್ಟೆ.

ಮನೆಗೆ ಬಂದು ಮೊದಲು ಹಿಂದಿನ ಕವರ್ ಬಿಚ್ಚಿದೆ. ಸಾಗರದವರು ಹೇಳಿದ ಆ ಕೆಂಪು ಪಟ್ಟಿ ನನ್ನದರಲ್ಲೂ ಇದೆ. ಹೆಂಡತಿಯನ್ನು ಕರೆದು ತೋರಿಸಿದೆ, ಅಮ್ಮನಿಗೆ ವೀಡಿಯೋ ಕಾಲ್‌ನಲ್ಲಿ ತೋರಿಸಿದೆ.

ಇವತ್ತು ಬೆಳಿಗ್ಗೆ 172 ಬಂತು. 22ನೇ ಫ್ರೆಟ್‌ನಲ್ಲಿ ಒಂದನೇ ತಂತಿ ಬೆಂಡ್ ಮಾಡಿದರೆ ಮಾತ್ರ ಚೂರು ಜರಜರ ಅನ್ನುತ್ತದೆ. ಫ್ರೆಟ್ ಫೈಲು ಅವರೇ, ಮೈಸೂರಿಗೆ ತರಲಾ?

ಫ್ರೆಟ್ ಫೈಲು, ಮೈಸೂರು:

ತನ್ನಿ, ಭಾನುವಾರ ಹತ್ತು ಗಂಟೆಗೆ. ಅಲ್ಲಿವರೆಗೆ ರಾಡ್ ಮುಟ್ಟಬೇಡಿ, ಟೋಕಿಯೋ ಹವೆಯಿಂದ ಬಂದ ಮರ ಒಂದು ವಾರ ಇಲ್ಲಿಗೆ ಹೊಂದಿಕೊಳ್ಳಲಿ. 9-42 ದಪ್ಪದ ತಂತಿ ಎರಡು ಸೆಟ್ ತನ್ನಿ. ಎಡ್ಜ್‌ಗೆ ಹೊಂದುವ ಹಳೆಯ ಆರ್ಮ್ ಒಂದು ನನ್ನ ಡಬ್ಬಿಯಲ್ಲಿದೆ, ಹಾಕಿ ನೋಡೋಣ.