ಕಂಬದ ಮೇಲೆ ಬಾಟಲಿ, ಒಂದು ಕೈಯಲ್ಲಿ ಬಿಯರ್: ಈ ಫ್ರಿಸ್ಬೀ ಆಟ ಆಡಿದವರು ಯಾರಾದರೂ ಇದ್ದೀರಾ?

ಕೇಳಿದವರು, ಒಹಾಯೊದ ಕೊಲಂಬಸ್‌ನಿಂದ

ಮುಂದಿನ ಶನಿವಾರ ಗೆಳೆಯನ ಮನೆಯ ಹಿತ್ತಲಲ್ಲಿ ಗ್ರಿಲ್ ಇಟ್ಟುಕೊಂಡಿದ್ದೇವೆ. ಒಟ್ಟು 12 ಜನ, ಎಲ್ಲರೂ ನಮ್ಮ ಕಡೆಯವರೇ. ಪಕ್ಕದ ಮನೆ ಹುಡುಗರು ಎರಡು ಕಂಬ ನೆಟ್ಟು, ಮೇಲೆ ಬಾಟಲಿ ಇಟ್ಟು, ಬಿಯರ್ ಕೆಳಗಿಡದೆ ಫ್ರಿಸ್ಬೀ ಎಸೆದು ಆಡುತ್ತಿದ್ದರು. ಪೋಲಿಷ್ ಹಾರ್ಸ್‌ಶೂಸ್ ಅಂತೆ. ನಾವೂ ಒಂದು ಸಲ ಆಡಿ ನೋಡಿದೆವು. ಅರ್ಧ ಗಂಟೆಯಲ್ಲಿ ಜಗಳ! ಪಾಯಿಂಟ್ ಯಾವಾಗ ಬರುತ್ತದೆ, ಯಾರಿಗೆ ಬರುತ್ತದೆ ಅನ್ನುವುದೇ ಗೊತ್ತಿರಲಿಲ್ಲ. ಮೂವರು ಕುಡಿಯುವುದಿಲ್ಲ, ಅವರನ್ನು ಸುಮ್ನೆ ಕೂರಿಸುವುದೂ ಬೇಡ. ಆಡಿದವರು ಹೇಳಿ, ಪ್ಲೀಸ್.

ಮಿನಿಯಾಪೊಲಿಸ್‌ನಿಂದ

ಓದುವಾಗ ನಾಲ್ಕು ಬೇಸಿಗೆ ಇದನ್ನೇ ಆಡಿದ್ದೇನೆ. ಎಲ್ಲರೂ ಒಪ್ಪುವ ಒಂದೇ ನಿಯಮ ಇದಕ್ಕಿಲ್ಲ, ಹೆಸರೂ ಒಂದಲ್ಲ. ಬಿಯರ್ಸ್‌ಬೀ ಅನ್ನುವವರೂ ಇದ್ದಾರೆ. ನಮ್ಮ ಗಲ್ಲಿ ಕ್ರಿಕೆಟ್‌ನಲ್ಲಿ ಕಾಂಪೌಂಡ್ ಆಚೆ ಹೋದರೆ ಔಟಾ, ಸಿಕ್ಸಾ ಅಂತ ಬೀದಿಗೊಂದು ಕಾನೂನು ಇತ್ತಲ್ವಾ, ಹಾಗೆಯೇ. ನಾವು ಆಡಿದ್ದನ್ನು ಹೇಳುತ್ತೇನೆ.

ಇಬ್ಬಿಬ್ಬರ ಎರಡು ತಂಡ. ಕಂಬಗಳ ನಡುವೆ 30 ಅಡಿ, ಹೊಸಬರಿಗೆ 20 ಸಾಕು. ತಮ್ಮ ಕಂಬದ ಹಿಂದೆ ನಿಂತು ಎದುರು ಕಂಬದ ಬಾಟಲಿ ಬೀಳುವಂತೆ ಎಸೆಯಬೇಕು. ಎದುರಿನವರು ಡಿಸ್ಕನ್ನೂ (ಅದೇ, ಫ್ರಿಸ್ಬೀ) ಹಿಡಿಯಬೇಕು, ಬೀಳುವ ಬಾಟಲಿಯನ್ನೂ ಹಿಡಿಯಬೇಕು, ಅದೂ ಒಂದೇ ಕೈಯಲ್ಲಿ. ಬಾಟಲಿ ನೆಲ ಮುಟ್ಟಿದರೆ ಎಸೆದವರಿಗೆ 2 ಪಾಯಿಂಟ್. ಡಿಸ್ಕ್ ಕೈಬಿಟ್ಟರೆ 1. ಎರಡೂ ಬಿದ್ದರೆ 3. ಎರಡನ್ನೂ ಹಿಡಿದರೆ ಏನೂ ಇಲ್ಲ. 21 ಮೊದಲು ಮುಟ್ಟಿದವರು ಗೆದ್ದರು, ಆದರೆ 2 ಪಾಯಿಂಟ್ ಮುಂದಿರಬೇಕು. ಕೈಯಲ್ಲಿರುವ ಲೋಟವನ್ನು ಕೆಳಗಿಟ್ಟರೆ ಎದುರಿನವರಿಗೆ 1. ಈ ಕೊನೆಯದು ನಮ್ಮ ಮನೆ ಕಾನೂನು.

ನಿಮ್ಮ ಜಗಳ ಎಲ್ಲಿ ಶುರುವಾಯಿತು ಅಂತ ಹೇಳಲಾ? ‘ಹಿಡಿಯುವ ಹಾಗೆ ಎಸೆದೆಯಾ ಇಲ್ಲವಾ’ ಅನ್ನುವಲ್ಲಿ. ತಲೆ ಮೇಲೆ ಹೋದ ಡಿಸ್ಕ್ ಹಿಡಿಯದಿದ್ದರೆ ಯಾರ ತಪ್ಪು? ನಾವು ಕೊನೆಗೆ ಮಂಡಿಯಿಂದ ಮೇಲೆ, ತಲೆಯಿಂದ ಕೆಳಗೆ, ಒಂದು ಹೆಜ್ಜೆ ಇಟ್ಟರೆ ಸಿಗುವಷ್ಟು ಹತ್ತಿರ ಬಂದರೆ ಮಾತ್ರ ಒಳ್ಳೆ ಎಸೆತ ಅಂತ ಮಾಡಿಕೊಂಡೆವು. ಅನುಮಾನ ಬಂದರೆ ಮತ್ತೆ ಎಸೆತ. ಇನ್ನೊಂದು ಕಿತಾಪತಿ ಏನೆಂದರೆ, ಡಿಸ್ಕ್ ಕಂಬಕ್ಕೆ ಬಡಿದು ಎಲ್ಲೋ ಹಾರುತ್ತದೆ, ಬಾಟಲಿ ಅಲ್ಲಾಡುವುದೂ ಇಲ್ಲ. ಅದನ್ನು ಹಿಡಿಯಲೇಬೇಕಾ? ನಾವು ಬೇಡ ಅಂದೆವು. ಹಿಡಿಯಲೇಬೇಕು ಅನ್ನುವವರೂ ಇದ್ದಾರೆ. ಮೊದಲ ಬಿಯರ್ ತೆರೆಯುವ ಮುಂಚೆ ಇವೆರಡನ್ನು ಮಾತಾಡಿ ಮುಗಿಸಿ. ಮೂರನೆಯದರ ನಂತರ ಯಾರಿಗೂ ಮಂಡಿ ಎಲ್ಲಿದೆ ಅಂತಲೂ ಗೊತ್ತಿರುವುದಿಲ್ಲ.

ಆಸ್ಟಿನ್‌ನಿಂದ

ಕಂಬದ ವಿಷಯ ಯಾರೂ ಹೇಳಲೇ ಇಲ್ಲ, ನಾನು ಹೇಳುತ್ತೇನೆ. ಮಾಡಿದ್ದು ನಾನೇ, ನಮ್ಮೆಜಮಾನರಲ್ಲ. ಪ್ಲಂಬಿಂಗ್‌ಗೆ ಬಳಸುವ ಪಿವಿಸಿ ಪೈಪ್ ತಂದು ಐದಡಿಯ ಎರಡು ತುಂಡು ಮಾಡಿಸಿದೆ. ನೆಲಕ್ಕೆ ಕಬ್ಬಿಣದ ಸರಳು ಹೊಡೆದು ಅದರ ಮೇಲೆ ಪೈಪ್ ಇಳಿಸಿದರೆ ಆಯಿತು. ತುದಿಗೆ ಮುಚ್ಚಳ ಹಾಕಿ, ಬಾಟಲಿ ನಿಲ್ಲುತ್ತದೆ. ಆಟ ಮುಗಿದ ಮೇಲೆ ಸರಳು ಕಿತ್ತುಬಿಡಿ. ಕತ್ತಲಲ್ಲಿ ಯಾರಾದರೂ ಎಡವುತ್ತಾರೆ.

ಗಾಜಿನ ಬಾಟಲಿ ಬೇಡವೇ ಬೇಡ. ಮೊದಲ ಸಲ ನಾವು ಗಾಜಿನದೇ ಇಟ್ಟಿದ್ದೆವು. ಎರಡು ಬಾಟಲಿ ಗಾಳಿಯಲ್ಲೇ ಒಂದಕ್ಕೊಂದು ತಾಗಿದ ಹಾಗೆ ಆಯಿತು, ಅಂದರೆ ಒಬ್ಬ ಕೈಯಲ್ಲಿದ್ದ ಬಾಟಲಿಯಿಂದಲೇ ಬೀಳುವ ಬಾಟಲಿ ತಡೆಯಲು ಹೋದ. ಬರಿಗಾಲಲ್ಲಿ ಮಕ್ಕಳು ಓಡಾಡುವ ಹುಲ್ಲಿನಲ್ಲಿ ಚೂರು ಹೆಕ್ಕಿದ್ದು ಮರುದಿನ ಮಧ್ಯಾಹ್ನದವರೆಗೆ. ಈಗ ಪ್ಲಾಸ್ಟಿಕ್ ಬಾಟಲಿಗೆ ಎರಡು ಇಂಚು ನೀರು ತುಂಬಿ ಇಡುತ್ತೇವೆ, ಗಾಳಿಗೆ ಬೀಳುವುದಿಲ್ಲ.

ಕುಡಿಯದವರ ಬಗ್ಗೆ ಯೋಚನೆ ಯಾಕೆ? ಕೈಯಲ್ಲಿ ತುಂಬಿದ ಲೋಟ ಇರಬೇಕು, ಅಷ್ಟೇ ತಾನೇ ನಿಯಮ. ನಾನು ಮಜ್ಜಿಗೆ ಹಿಡಿದು ಆಡುತ್ತೇನೆ. ಚೆಲ್ಲಿದರೆ ಒಗ್ಗರಣೆಯ ಕರಿಬೇವು ಸಮೇತ ಮೈಮೇಲೆ!

ಬೆಂಗಳೂರಿನಿಂದ

ಸಕಲೇಶಪುರದ ಕಡೆ ಗೆಳೆಯರ ತೋಟದಲ್ಲಿ ಆಡಿದ್ದೇವೆ. ಬಿದಿರಿನ ಗಳವನ್ನು ಗೆಣ್ಣಿನ ಹತ್ತಿರ ಕತ್ತರಿಸಿದರೆ ಮೇಲ್ಭಾಗ ಮುಚ್ಚಿರುತ್ತದೆ, ಬಾಟಲಿ ಕೂರುತ್ತದೆ. ಪೈಪ್ ಯಾಕೆ? ಇಳಿಜಾರು ಮಾತ್ರ ಬೇಡ. ನಮ್ಮ ಡಿಸ್ಕ್ ಕಾಫಿ ಗಿಡಗಳ ಒಳಗೆ ಹೋಗಿ, ಹುಡುಕಲು ಹೋದವನು ಎರಡು ಜಿಗಣೆ ಅಂಟಿಸಿಕೊಂಡು ಬಂದ.

ಮತ್ತೆ ಮಿನಿಯಾಪೊಲಿಸ್‌ನಿಂದ

ಹೇಳುವುದು ಮರೆತೆ. ಇಬ್ಬರೂ ಡಿಸ್ಕ್ ನೋಡುತ್ತಾ ನಿಂತರೆ ಸೋತಿರಿ. ಒಬ್ಬರ ಕಣ್ಣು ಡಿಸ್ಕ್ ಮೇಲೆ, ಇನ್ನೊಬ್ಬರದು ಬಾಟಲಿ ಮೇಲೆ. ಎಸೆಯುವಾಗ ಬಾಟಲಿಗೇ ಗುರಿ ಇಡಬೇಡಿ, ಸ್ವಲ್ಪ ಕೆಳಗೆ ಕಂಬಕ್ಕೆ ಹೊಡೆಯಿರಿ. ಬಾಟಲಿ ಕಂಬದ ಬುಡಕ್ಕೇ ನೆಟ್ಟಗೆ ಬೀಳುತ್ತದೆ, ಹಿಂದೆ ನಿಂತವರಿಗೆ ಎಟುಕುವುದಿಲ್ಲ. ಅಲ್ಟಿಮೇಟ್ ಅನ್ನುವ ಫ್ರಿಸ್ಬೀ ಪಂದ್ಯಕ್ಕೆ ಬಳಸುವ 175 ಗ್ರಾಂ ಡಿಸ್ಕ್ ನೆಟ್ಟಗೆ ಹೋಗುತ್ತದೆ, ಆದರೆ ಬೆರಳಿಗೆ ತಾಗಿದರೆ ಉರಿ. ಹೊಸಬರಿಗೆ ಹಗುರದ್ದು ಕೊಡಿ.

ಎಡಿಸನ್‌ನಿಂದ

ಪಾಯಿಂಟ್ ಹೋದಾಗಲೆಲ್ಲ ಒಂದು ಗುಟುಕು ಅಂತ ನಾವು ಸೇರಿಸಿಕೊಂಡಿದ್ದೆವು. ಮಾಡಬೇಡಿ ಗುರು. ಸೋಲುವವನು ಜಾಸ್ತಿ ಕುಡಿಯುತ್ತಾನೆ, ಜಾಸ್ತಿ ಕುಡಿದವನು ಇನ್ನೂ ಸೋಲುತ್ತಾನೆ. ಕೊನೆಗೆ ಒಬ್ಬ ಸೋಫಾ ಮೇಲೆ, ಮೂವರು ಅವನ ಸೇವೆಗೆ. ಬೇಕಾದಾಗ ಬೇಕಾದಷ್ಟು ಕುಡಿಯಲಿ, ಕೈಯಲ್ಲಿ ಹಿಡಿದಿರುವುದೇ ಸಾಕಷ್ಟು ಕಷ್ಟ. ಗುಂಪಿನಲ್ಲಿ 21 ವರ್ಷ ತುಂಬದ ವಿದ್ಯಾರ್ಥಿಗಳಿದ್ದರೆ ಅವರಿಗೂ ಮಜ್ಜಿಗೆಯೇ. ಹಿತ್ತಲು ಬಿಟ್ಟು ಪಾರ್ಕಿಗೆ ಹೋಗುವ ಯೋಚನೆ ಬಂದರೆ ಆ ಊರಿನ ನಿಯಮ ನೋಡಿ, ಎಷ್ಟೋ ಕಡೆ ತೆರೆದ ಬಿಯರ್ ಹಿಡಿದು ನಿಂತರೆ ದಂಡ. ವಾಪಸ್ ಕಾರು ಓಡಿಸುವವರು ಯಾರು ಅಂತ ಮೊದಲೇ ಗೊತ್ತಿರಲಿ.

ಇನ್ನು, ಒಂದು ಸಲಕ್ಕೆ ನಾಲ್ವರೇ ಆಡಲು ಆಗುವುದು. ಉಳಿದ ಎಂಟು ಜನಕ್ಕೆ ಕ್ಯಾನ್‌ಜ್ಯಾಮ್ ಅನ್ನುವ ಇನ್ನೊಂದು ಫ್ರಿಸ್ಬೀ ಆಟ ಇಡಿ. 50 ಅಡಿ ದೂರದಲ್ಲಿ ಎರಡು ಡಬ್ಬ. ನೀವೆಸೆದ ಡಿಸ್ಕನ್ನು ಡಬ್ಬದ ಹತ್ತಿರ ನಿಂತ ಜೊತೆಗಾರ ಕೈಯಿಂದ ತಟ್ಟಿ ಒಳಗೆ ಹಾಕಬಹುದು. ಅಲ್ಲಿ ಗೆಲ್ಲಲು ಸರಿಯಾಗಿ 21 ಪಾಯಿಂಟ್ ಆಗಬೇಕು. ನಮ್ಮ ಮನೆಯಲ್ಲಿ ಅಜ್ಜಿ ಕೂಡ ತಟ್ಟಿದ್ದಾರೆ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಹೌದು, ಜಗಳ ಆಗಿದ್ದು ತಲೆ ಮೇಲೆ ಹೋದ ಡಿಸ್ಕಿಗೇ. ಮಂಡಿ-ತಲೆ ನಿಯಮವನ್ನು ಈಗಲೇ ವಾಟ್ಸಾಪ್ ಗುಂಪಿಗೆ ಹಾಕಿದೆ. ನಮ್ಮಲ್ಲೊಬ್ಬ ಆರಡಿ ಮೂರಿಂಚು ಇದ್ದಾನೆ, ಯಾರ ತಲೆ ಅಂತ ಆಗಲೇ ಕೇಳುತ್ತಿದ್ದಾರೆ.